ಮೂರನೆಯ ಜ್ವರ

ಮೊಳೆಗೆ ನೇತುಹಾಕಿದ್ದ ನೀಲಿ ಚೀಲ ಅಲ್ಲೇ ಇತ್ತು. ಒಳಗೆ ಮಾತ್ರ ಏನೂ ಇರಲಿಲ್ಲ. ಶೈಲಜಾ ಅದನ್ನು ಕೆಳಗಿಳಿಸಿ, ಬಾಯಿ ಅಗಲಿಸಿ, ಮೊಣಕೈವರೆಗೆ ಕೈ ತೂರಿಸಿ ನೋಡಿದಳು. ಆಮೇಲೆ ತಲೆಕೆಳಗು ಮಾಡಿ ಕೊಡವಿದಳು. ಒಂದು ಗುಂಡುಪಿನ್ನು ಬಿದ್ದು ಸಿಮೆಂಟಿನ ನೆಲದ ಮೇಲೆ ಸಣ್ಣಗೆ ಸದ್ದು ಮಾಡಿತು. ಅವಳಿಗೆ ಮೊದಲು ಗಾಬರಿಯಾಗಲಿಲ್ಲ, ನಾಚಿಕೆಯಾಯಿತು. ಯಾರೋ ತೆಗೆದು ಓದಿಬಿಟ್ಟರೇ ಎಂದು ಕಿವಿಯವರೆಗೂ ಬಿಸಿಯೇರಿತು. ನಾಲ್ಕು ವರ್ಷ ಹೈಸ್ಕೂಲಿನ ಆಫೀಸಿನಲ್ಲಿ, ಊಟದ ಬಿಡುವಿನಲ್ಲಿ, ಬೀರುವಿನ ಮರೆಗೆ ಕುರ್ಚಿ ಎಳೆದುಕೊಂಡು, ಬಾಕ್ಸಿನಲ್ಲಿ ತಂದ ಮುದ್ದೆ ಒಣಗಿ ಕಲ್ಲಾಗುವಂತೆ ಬಿಟ್ಟು ಬರೆದ ಕಾದಂಬರಿ ಅದು. ಇವತ್ತು ಭಾನುವಾರ. ಊಟದ ಹೊತ್ತು ದಾಟಿದ ಮೇಲೆ ಅದೇ ಸ್ಕೂಲಿನ ಮಧುಸೂದನ್ ಮೇಷ್ಟ್ರು ಬೈಕಿನಲ್ಲಿ ಬರುತ್ತಾರೆ. ಪಬ್ಲಿಕ್ ಪರೀಕ್ಷೆಯ ಪೇಪರು ತಿದ್ದುವುದಕ್ಕೆ ಬೆಂಗಳೂರಿಗೆ ಹೊರಟಿರುವವರು, ಪ್ರಕಾಶಕರ ಅಂಗಡಿಗೆ ನಾಳೆ ತಾವೇ ಮುಟ್ಟಿಸುತ್ತೇನೆಂದು ಒಪ್ಪಿದ್ದರು. ಮುಟ್ಟಿಸಬೇಕಾದದ್ದು ಕಾದಂಬರಿಯನ್ನಲ್ಲ, ಅದರ ಕಥಾಸಾರವನ್ನು. 'ಎರಡು ಪುಟ ಮೀರದಂತೆ ಬರೆದು ಈ ತಿಂಗಳ ಮೂರನೆಯ ಸೋಮವಾರದೊಳಗೆ ತಲುಪಿಸಿದಲ್ಲಿ, ಆಸಕ್ತಿ ಮೂಡಿದರೆ ಹಸ್ತಪ್ರತಿ ತರಿಸಿಕೊಳ್ಳಲಾಗುವುದು' ಎಂದು ಅವರ ಕಾರ್ಡು ಬಂದಿತ್ತು. ಆ ಎರಡು ಪುಟ ಎರಡು ವಾರದಿಂದ ಅವಳ ಕೈಗೆ ಬಂದಿರಲಿಲ್ಲ. ಇವತ್ತು ಬೆಳಿಗ್ಗೆ ಹಾಳೆಗಳನ್ನೆಲ್ಲ ಹರಡಿಕೊಂಡು ಅಧ್ಯಾಯ ಅಧ್ಯಾಯವಾಗಿ ನೋಡಿಯಾದರೂ ಮುಗಿಸುವುದೆಂದು ಗಟ್ಟಿಮಾಡಿಕೊಂಡು ಎದ್ದಿದ್ದಳು.

“ಅತ್ತೇ, ಈ ಚೀಲದಲ್ಲಿದ್ದ ಪೇಪರು ಏನಾಯ್ತು?”

ಲಕ್ಷ್ಮೀನರಸಮ್ಮ ಬಾಗಿಲ ಬಳಿ ಗೋಣಿಚೀಲವನ್ನು ನೀರಲ್ಲಿ ಅದ್ದಿ ಹಿಂಡುತ್ತಿದ್ದಳು. ಏಪ್ರಿಲ್ಲಿನ ಕಾವಿಗೆ ರೇಷ್ಮೆ ಹುಳುಮನೆಯ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟದಿದ್ದರೆ ಆಗುತ್ತಿರಲಿಲ್ಲ. “ಹುಳಕ್ಕೆ ಹಾಸಿದೆ ಕಣಮ್ಮ. ಮೊನ್ನೆ ನೀನು ಸ್ಕೂಲಿಗೆ ಹೋದಾಗ ತಟ್ಟೆ ಬದಲಾಯಿಸ್ದೆ. ನ್ಯೂಸ್‌ಪೇಪರು ಸಾಲ್ದೇ ಬಂತು. ಯಾಕೆ, ಹುಳಕ್ಕೆ ಅಂತ ತಾನೆ ನೀನು ತಂದು ಇಕ್ಕಿದ್ದು?”

ಶೈಲಜಾ ಖಾಲಿ ಚೀಲವನ್ನು ಮಡಿಸಿದಳು. ಹೌದು, ಹಾಗೆಂದೇ ಹೇಳಿದ್ದಳು. ಸ್ಕೂಲಿನ ಹಳೆಯ ಪ್ರಶ್ನೆಪತ್ರಿಕೆಗಳು, ಒಂದೇ ಮಗ್ಗುಲಿಗೆ ಅಚ್ಚು ಹಾಕಿದವು, ಕಟ್ಟುಗಟ್ಟಲೆ ಗೋಡೌನಿನಲ್ಲಿ ಇಲಿಗಳ ಪಾಲಾಗುತ್ತಿದ್ದವು. ಖಾಲಿ ಬೆನ್ನಿನ ಆ ಹಾಳೆಗಳನ್ನು ಕೇಳಲು ಹೋದ ದಿನ ಹೆಡ್‌ಮಾಸ್ಟರು ಕನ್ನಡಕದ ಮೇಲಿಂದ ನೋಡಿ, “ಏನು ಮಾಡ್ತೀರಮ್ಮ ಇಷ್ಟೊಂದು?” ಎಂದಾಗ, ಕಾದಂಬರಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು, ಅಲ್ಲಿ ಸಂಕೋಚದಿಂದ ನಿಂತು, ಹಿಂದಕ್ಕೆ ಹೋಗಿತ್ತು. “ಹುಳಕ್ಕೆ ಸಾರ್, ತಟ್ಟೆಗೆ ಹಾಸೋಕೆ” ಎಂದಿದ್ದಳು. ಮನೆಮನೆಯಲ್ಲೂ ಹುಳು ಸಾಕುವ ಜಂಗಮಕೋಟೆ ಕಡೆಯವಳು ಹಾಗೆಂದರೆ ನಂಬದವರು ಯಾರು? ಮನೆಗೆ ತಂದ ದಿನ ಅತ್ತೆಗೂ ಅದನ್ನೇ ಹೇಳಿದ್ದಳು. ಒಂದು ಸುಳ್ಳನ್ನು ಎರಡು ಕಡೆ ಹೇಳಿದರೆ ಅದು ನಿಜವಾಗಲು ದಾರಿ ಹುಡುಕಿಕೊಂಡು ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

“ಹಿಂದ್ಗಡೆ ಬರ್ದಿತ್ತಲ್ಲ ಅತ್ತೆ. ನೋಡ್ಲಿಲ್ವಾ?”

“ನೋಡ್ದೆ. ತೆಲುಗಾಗಿದ್ರೆ ಕೂಡಿಸ್ಕೊಂಡು ಓದ್ತಿದ್ದೆ. ಕನ್ನಡ ನಂಗೆಲ್ಲಿ ಬರ್ತದೆ? ಈ ಕಡೆ ಪ್ರಶ್ನೆ ಐತೆ ಅಂದ್ಲು ನಿನ್ನ ಮಗಳು. ಹಂಗಾದ್ರೆ ಆ ಕಡೆ ಉತ್ತರ ಇರ್ತದೆ, ಯಾವ್ದೋ ಹುಡುಗ್ರು ಬರ್ದಿರೋದು ಅನ್ಕೊಂಡೆ.” ಮುದುಕಿ ಸೊಸೆಯ ಮುಖ ನೋಡಿ ಗೋಣಿ ಕೈಬಿಟ್ಟಳು. “ಏಮ್ಮಾ? ಬೇಕಾಗಿದ್ದಾ? ಅಯ್ಯೋ ದೇವುಡಾ. ಅಕ್ಷರದ ಮೇಲೆ ಹುಳ ಬಿಡ್ಬಾರ್ದೂಂತ ಒಂದು ಕ್ಷಣ ಮನಸ್ಸಿಗೂ ಬಂತು ಕಣೆ. ಆದ್ರೆ ಹುಳ ಲಕ್ಷ್ಮಿ ಅಲ್ವಾ, ಸರಸ್ವತಿ ಮೇಲೆ ಲಕ್ಷ್ಮಿ ನಾಕು ದಿನ ಕೂತ್ರೆ ಅವ್ಳೇನು ಬೇಜಾರು ಮಾಡ್ಕೋತಾಳಾ, ಅಕ್ಕತಂಗೀರು ಅಂತ…”

ಶೈಲಜಾ ಕಾಲು ತೊಳೆದುಕೊಂಡು ಹುಳುಮನೆಯ ಒಳಗೆ ಹೋದಳು. ಗೋಣಿಯ ತೇವದ ವಾಸನೆ, ಸುಣ್ಣದ ಪುಡಿಯ ವಾಸನೆ, ಒಣಗಿದ ಹಿಪ್ಪುನೇರಳೆ ಎಲೆಯ ಚಹಾದಂಥ ವಾಸನೆ. ಉಳಿದ ದಿನ ಇಲ್ಲಿ ಸದ್ದಿರುತ್ತಿತ್ತು. ಸಾವಿರಾರು ಬಾಯಿ ಎಲೆ ಕತ್ತರಿಸುವ ಆ ಸದ್ದಿಗೆ ಮಳೆ ಬಂತೆಂದು ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಅಂಗಳದ ಬಟ್ಟೆ ತೆಗೆಯಲು ಓಡಿದ್ದಳು, ಅತ್ತೆ ಬಿದ್ದು ಬಿದ್ದು ನಕ್ಕಿದ್ದಳು. ಇವತ್ತು ಸದ್ದಿರಲಿಲ್ಲ. ನಿನ್ನೆ ಮಧ್ಯಾಹ್ನ ಹುಳುಗಳು ಮೂರನೆಯ ಜ್ವರಕ್ಕೆ ಕೂತಿದ್ದವು. ಮೇವು ಬಿಟ್ಟು, ಹೊಟ್ಟೆಯ ಕಾಲುಗಳನ್ನು ನೆಲಕ್ಕೆ ಅಂಟಿಸಿ, ಮೈಯ ಮುಂಭಾಗ ಮೇಲೆತ್ತಿ ಒಂದಿಡೀ ದಿನ ಅಲುಗದೆ ಕೂರುತ್ತವೆ. ಹಳೆಯ ಪೊರೆ ಬಿಟ್ಟು ಏಳುವಾಗ ಬೇರೆಯೇ ಹುಳುವಾಗಿರುತ್ತವೆ. ಆ ಹೊತ್ತಿನಲ್ಲಿ ಮುಟ್ಟಿದರೆ ಪೊರೆ ಅರ್ಧಕ್ಕೆ ಸಿಕ್ಕಿಕೊಂಡು ಅಲ್ಲೇ ಸಾಯುತ್ತವೆ. ತಟ್ಟೆಗಳು ಮೇಲಿಂದ ಕೆಳಗಿನವರೆಗೆ ಸ್ಟ್ಯಾಂಡಿನಲ್ಲಿ ಸಾಲಾಗಿದ್ದವು. ಒಂದನ್ನು ಒಂದಿಷ್ಟು ಮಾತ್ರ ಹೊರಗೆಳೆದಳು. ಹುಳುಗಳ ನಡುವೆ, ಸುಣ್ಣದ ಪುಡಿಯ ಅಡಿಯಲ್ಲಿ, ಹಾಳೆಯ ಅಂಚು ಕಂಡಿತು. ಅತ್ತೆ ಅಚ್ಚಿನ ಮಗ್ಗುಲನ್ನು ಮೇಲೆ ಮಾಡಿ ಹಾಸಿದ್ದಳು. 'ಕೆಳಗಿನ ಪ್ರಶ್ನೆಗಳಿಗೆ ಒಂದೊಂದು ವಾಕ್ಯದಲ್ಲಿ ಉತ್ತರಿಸಿ' ಎಂದಿತ್ತು. ಅವಳ ನಾಲ್ಕು ವರ್ಷ ಅದರ ಬೆನ್ನಿಗೆ, ಬಿದಿರಿನ ಹೆಣಿಗೆಗೆ ಮುಖ ಮಾಡಿ, ಬೋರಲು ಮಲಗಿತ್ತು.

ಒಂದು ಹಾಳೆ ತಾನೆ. ಮೂಲೆ ಹಿಡಿದು ಮೆಲ್ಲಗೆ ಜಾರಿಸಿದರೆ? ಅವಳ ಬೆರಳು ಅಂಚಿನವರೆಗೂ ಹೋಯಿತು. ಅಲ್ಲಿಯೇ ಕಣ್ಣು ಹುಳುಗಳ ಮೇಲೆ ಬಿತ್ತು. ಹದಿನಾಲ್ಕು ವರ್ಷದಿಂದ ನೋಡುತ್ತಿದ್ದವನ್ನು ಅವಳು ಆಗ ಮೊದಲ ಸಲ ನೋಡಿದಳು. ಅಷ್ಟೂ ತಲೆಗಳು ಮೇಲೆದ್ದಿದ್ದವು, ಯಾರೋ ದೊಡ್ಡವರು ಒಳಗೆ ಬಂದಾಗ ಇಡೀ ಕ್ಲಾಸು ಎದ್ದು ನಿಂತ ಹಾಗೆ. ಮೈ ಬಿಗಿದು, ಮೇಣದಂತೆ ಹೊಳೆಯುತ್ತಿತ್ತು. ಹಳೆಯ ತಲೆಯ ಚಿಪ್ಪು ಕರಿಯ ಚುಕ್ಕೆಯಂತೆ ಮುಂದಕ್ಕೆ ಸರಿದು, ಅದರ ಹಿಂದೆ ಚರ್ಮದ ಅಡಿಯಲ್ಲಿ ಹೊಸ ತಲೆಯೊಂದು ಮಸುಕಾಗಿ ಕಾಣುತ್ತಿತ್ತು. ಹೊರಗೆ ಏನೂ ನಡೆಯುತ್ತಿಲ್ಲ, ಒಳಗೆ ಎಲ್ಲವೂ ನಡೆಯುತ್ತಿದೆ. ಹಸಿವನ್ನು ಕೂಡ ಮರೆತು, ತನಗೇ ಗೊತ್ತಿಲ್ಲದ ಇನ್ನೊಂದು ತಲೆಗಾಗಿ ಕಾಯುವ ಧೈರ್ಯ ಈ ಬೆರಳುದ್ದವೂ ಇಲ್ಲದ ಜೀವಕ್ಕೆ ಯಾರು ಕೊಟ್ಟರು? ಅವಳ ಉಸಿರು ತಾನಾಗಿಯೇ ಸಣ್ಣಗಾಯಿತು.

“ಏ, ಕೈ ಇಟ್ಟೀಯ ಮತ್ತೆ!”

ಅವಳ ಗಂಡ ಗಂಗಾಧರ ಬಾಗಿಲಲ್ಲಿ ನಿಂತಿದ್ದ. ಅಮ್ಮ ವಿಷಯ ಹೇಳಿರಬೇಕು, ಬೈಯುವ ದನಿಯಾಗಿರಲಿಲ್ಲ. ಅವಳು ಬೆರಳು ಹಿಂದಕ್ಕೆಳೆದುಕೊಂಡಳು. “ಸಾಯಂಕಾಲಕ್ಕೆ ಎಲ್ಲಾ ಎದ್ದೇಳ್ತವೆ ಕಣೆ. ಬಲೆ ಹಾಕಿ ಹುಳ ಎತ್ತಿದ ಮೇಲೆ ಒಂದೊಂದೇ ತಗೋ. ಯಾರು ಬೇಡಾಂತಾರೆ?”

“ಮೇಷ್ಟ್ರು ಊಟ ಆಗ್ತಿದ್ದಂಗೆ ಬರ್ತಾರೆ. ಅಷ್ಟರಲ್ಲಿ ಬರೆದು ಕೊಡ್ಬೇಕು.”

“ಬರಿ. ಅದೇನು ನೋಡ್ಕೊಂಡು ಬರಿಯೋಕೆ ಕಾಪಿ ಹೊಡೆಯೋದಾ? ನೀನೇ ತಾನೆ ಬರ್ದಿರೋದು?” ಅಂದವನು, ತನ್ನ ಮಾತು ತನಗೇ ಖುಷಿ ಕೊಟ್ಟಂತೆ ನಕ್ಕು ತೋಟದ ಕಡೆ ಹೋದ.

ನೀನೇ ತಾನೆ ಬರ್ದಿರೋದು. ಅದೇ ಅವಳಿಗಿದ್ದ ಅನುಮಾನ. ಹುಳುಮನೆಯ ಹೊಸ್ತಿಲಿಗೆ ಒರಗಿ, ತೊಡೆಯ ಮೇಲೆ ಮಗಳ ಪರೀಕ್ಷೆ ರಟ್ಟನ್ನಿಟ್ಟುಕೊಂಡು ಅವಳು ಕೂತಳು. ಮೇಲೆ ವಿಳಾಸ ಬರೆದಳು. 'ಕೋಲಾರ ಜಿಲ್ಲೆ' ಎಂದು ಬರೆದವಳು, ಜಿಲ್ಲೆ ಬೇರೆಯಾಗಿ ವರ್ಷವಾಯಿತಲ್ಲ ಎಂದು ನೆನಪಾಗಿ ಹೊಡೆದುಹಾಕಿ 'ಚಿಕ್ಕಬಳ್ಳಾಪುರ' ಎಂದು ತಿದ್ದಿದಳು. ಆಮೇಲೆ ಪೆನ್ನು ನಿಂತಿತು. ಕಳೆದ ವಾರದ ಮೊದಲ ಪ್ರಯತ್ನದಲ್ಲಿ ನಡೆದದ್ದನ್ನೆಲ್ಲ ಕ್ರಮವಾಗಿ ಬರೆದಿದ್ದಳು, ಅದು ಪೊಲೀಸ್ ಕಂಪ್ಲೇಂಟಿನ ಹಾಗಿತ್ತು. ಎರಡನೆಯದರಲ್ಲಿ 'ಗ್ರಾಮೀಣ ಮಹಿಳೆಯ ಮೌನದ ಬದುಕನ್ನು ಮನೋಜ್ಞವಾಗಿ' ಎಂದೆಲ್ಲ ಬಂದು, ಓದಿದಾಗ ಸನ್ಮಾನ ಸಮಾರಂಭದ ಕರಪತ್ರ ಕೈಗೆ ಸಿಕ್ಕಂತಾಗಿ ಮೈಯೆಲ್ಲ ಮುಳ್ಳೆದ್ದಿತ್ತು. “ಸಮ್ಮರಿ ಅಂದ್ರೆ ಲಾಸ್ಟಲ್ಲಿ ಮಾರಲ್ ಬರೀಬೇಕಮ್ಮ, ಇಲ್ಲಾಂದ್ರೆ ಮಾರ್ಕ್ಸ್ ಕೊಡಲ್ಲ” ಎಂದಿದ್ದಳು ಮಗಳು ಪ್ರಿಯಾಂಕ, ಏಳನೇ ಕ್ಲಾಸಿನ ಅನುಭವದಿಂದ. ಮಾರಲ್ ಏನು? ಒಬ್ಬಳು ಗಂಡನೊಂದಿಗೆ ಮಾತು ಬಿಡುತ್ತಾಳೆ. ಇಪ್ಪತ್ತು ವರ್ಷ ಬಿಡುತ್ತಾಳೆ. ಅಷ್ಟೆ. ಇದಕ್ಕಾ ನಾಲ್ಕು ವರ್ಷ? ಇದಕ್ಕಾ ಮಗಳು ಜ್ವರದಲ್ಲಿ ಮಲಗಿದ್ದ ದಿನ ಹಣೆಗೆ ಬಟ್ಟೆ ಹಾಕುತ್ತಾ ಹಾಕುತ್ತಾ ಇನ್ನೊಂದು ಮನೆಯ ಇನ್ನೊಂದು ಒಲೆಯ ಬಗ್ಗೆ ಯೋಚಿಸಿದ್ದು, ಮಗು “ಅಮ್ಮ, ಬಟ್ಟೆ ಒಣಗೈತೆ” ಎಂದಾಗ ಬೆಚ್ಚಿದ್ದು? ಹಾಳೆಗಳಿದ್ದಾಗ ಕಟ್ಟಿನ ದಪ್ಪವೇ ಒಂದು ಸಮಾಧಾನವಾಗಿತ್ತು. ಇಷ್ಟು ದಪ್ಪವಿದೆ, ಒಳಗೆ ಏನಾದರೂ ಇದ್ದೇ ಇರುತ್ತದೆ ಎಂದುಕೊಳ್ಳಬಹುದಿತ್ತು. ಈಗ ದಪ್ಪವೂ ಇಲ್ಲ. ಬಿಳಿಯ ಹಾಳೆ, ರಟ್ಟು, ಬೆನ್ನ ಹಿಂದೆ ಸದ್ದಿಲ್ಲದ ಕೋಣೆ.

ಲಕ್ಷ್ಮೀನರಸಮ್ಮ ಸೊಪ್ಪಿನ ಹೊರೆ ತಂದು ಎದುರಿಗೆ ಕೂತಳು. ಎದ್ದ ಹುಳಕ್ಕೆ ಕೊಡಲು ಎಳೆಯದಲ್ಲದ, ಬಲಿತದ್ದೂ ಅಲ್ಲದ ಎಲೆ ಆರಿಸುತ್ತಾ, ತಪ್ಪು ಮಾಡಿದ ಮಗುವಿನ ಹಾಗೆ ಸೊಸೆಯನ್ನು ಕದ್ದು ನೋಡುತ್ತಿದ್ದಳು. ಕೊನೆಗೆ ಕೇಳಿದಳು: “ಅದ್ರಾಗೆ ಏನು ಬರ್ದಿದ್ದೆ ಶೈಲಮ್ಮ?”

ಈ ನಾಲ್ಕು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. 'ಏನೋ ಬರೀತಾಳಂತೆ' ಎಂಬುದು ಉತ್ತರವೂ ಆಗಿ ಪ್ರಶ್ನೆಯೂ ಆಗಿ ಮನೆಯಲ್ಲಿ ಓಡಾಡಿಕೊಂಡಿತ್ತು.

“ಒಬ್ಬಳು ಅಕ್ಕಯಮ್ಮ ಅಂತ. ಅವಳ ಗಂಡ ಇನ್ನೊಬ್ಬಳನ್ನ ಕಟ್ಕೋತಾನೆ. ಅವಳು ಮನೆ ಬಿಟ್ಟು ಹೋಗಲ್ಲ. ಮಾತು ಬಿಡ್ತಾಳೆ. ಹೇಳ್ಬೇಕಾದ್ದೆಲ್ಲ ಎಮ್ಮೆಗೆ ಹೇಳ್ತಾಳೆ, ಅವನಿಗೆ ಕೇಳೋ ಹಂಗೆ. 'ಮುದ್ದೆ ಆಗೈತೆ, ಉಣ್ಣೋರು ಉಣ್ಣಬೋದು ಅಂತ ಹೇಳೇ' ಅಂತ.”

ಅತ್ತೆ ಎಲೆ ಹಿಡಿದ ಕೈಯನ್ನೇ ಬಾಯಿಗೆ ಅಡ್ಡ ಇಟ್ಟು ನಕ್ಕಳು. “ಮಾಡ್ತಿದ್ರು ಕಣಮ್ಮ ಹಂಗೆ! ನಮ್ಮ ದೊಡ್ಡಮ್ಮ ಒಬ್ಳು ಕಂಬಕ್ಕೆ ಹೇಳ್ತಿದ್ಲು. ಎಮ್ಮೆ ವಾಸಿ, ಕಿವಿಯಾದ್ರೂ ಅಲ್ಲಾಡಿಸ್ತದೆ. ಇಪ್ಪತ್ತು ವರ್ಷಾನಾ? ಒಂದೇ ಎಮ್ಮೇನಾ?”

“ಮೂರು. ಒಂದು ಸಾಯ್ತದೆ. ಒಂದನ್ನ ಮಾರ್ತಾರೆ.”

“ಹಾಂ, ಹಂಗನ್ನು. ತರ್ವಾತ?”

ತರ್ವಾತ, ಆಮೇಲೆ. ಎರಡು ವಾರದಿಂದ ಶೈಲಜಾಳನ್ನು ಕೊಲ್ಲುತ್ತಿದ್ದುದು ಇದೇ ಮಾತು. ಆಮೇಲೆ ಏನೂ ಆಗುವುದಿಲ್ಲವಲ್ಲ ಎಂದು. ಅತ್ತೆಯ ಬಾಯಲ್ಲಿ ಮಾತ್ರ ಅದು ಇನ್ನೊಂದು ತುತ್ತು ಕೇಳಿದ ಹಾಗಿತ್ತು.

“ಕೊನೆಗೆ ಗಂಡ ಸಾಯ್ತಾನೆ. ಅವಳು ಆಮೇಲೂ ಎಮ್ಮೆಗೆ ಹೇಳ್ತಾನೇ ಇರ್ತಾಳೆ.”

ಮುದುಕಿ ಒಂದು ಹಣ್ಣೆಲೆ ಆರಿಸಿ ಬದಿಗೆಸೆದಳು. “ಅವನು? ಅಷ್ಟು ವರ್ಷದಲ್ಲಿ ಅವನು ಎಮ್ಮೆಗೆ ಏನೂ ಹೇಳ್ಲಿಲ್ವಾ?”

“ಹೇಳಿದ್ದ. ಒಂದೇ ಒಂದು ಸಲ,” ಎಂದಳು ಶೈಲಜಾ. ಯೋಚಿಸಿ ಹೇಳಿದ್ದಲ್ಲ, ಕೇಳಿದ ತಕ್ಷಣ ಬಂದದ್ದು. “ಎರಡನೇ ಎಮ್ಮೇನ ಚಿಂತಾಮಣಿ ಸಂತೆಗೆ ಹೊಡ್ಕೊಂಡು ಹೋಗೋ ದಿನ. ಹಗ್ಗ ಹಿಡ್ಕೊಂಡು ಬಾಗಿಲ ಮುಂದೆ ಬಂದು ನಿಂತ್ಕೋತಾನೆ. ಅವಳು ಒಳಗೆ, ಕಾಣಿಸಲ್ಲ. ಎಮ್ಮೆ ಕುತ್ತಿಗೆ ತುರಿಸ್ತಾ ಹೇಳ್ತಾನೆ, 'ಮೂರು ದಿನದಿಂದ ಬಲಗಾಲು ಊರ್ತಾ ಇಲ್ಲ ಅವ್ಳು. ಮುಳ್ಳು ಒಳಗೇ ಮುರ್ದೈತೆ. ಎಕ್ಕದ ಹಾಲು ಬಿಟ್ರೆ ಮೇಲಕ್ಕೆ ಬರ್ತದೆ ಅಂತ ಹೇಳು.' ಅಷ್ಟೆ. ಎಮ್ಮೆ ಹೊಡ್ಕೊಂಡು ಹೋಗ್ಬಿಡ್ತಾನೆ.”

ಲಕ್ಷ್ಮೀನರಸಮ್ಮನ ಕೈ ನಿಂತಿತ್ತು. “ನೋಡ್ತಾ ಇದ್ದ,” ಎಂದಳು ಮೆಲ್ಲಗೆ. “ಮುಂಡೇಮಗ, ನೋಡ್ತಾನೇ ಇದ್ದ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಅವ್ಳು ಏನಂದ್ಲು?”

ಶೈಲಜಾ ಬಾಯಿ ತೆರೆದಳು. ಅಲ್ಲಿ ಏನೂ ಇರಲಿಲ್ಲ. ಏನಂದಳು? ಎಷ್ಟು ನಿಚ್ಚಳವಾಗಿ ಕಾಣುತ್ತಿತ್ತು ಎಲ್ಲ: ಆ ಬೆಳಗಿನ ಮಂಜು, ಎಮ್ಮೆಯ ಮೂಗಿನ ಹಬೆ, ಅವನ ಹೆಗಲಿನ ಮಾಸಿದ ಟವಲಿನ ಕೆಂಪು ಅಂಚು, ಒಳಗೆ ಒಲೆಯ ಮುಂದೆ ಒಂದು ಕಾಲನ್ನು ಹಗುರವಾಗಿ ಎತ್ತಿಟ್ಟುಕೊಂಡು ನಿಂತ ಹೆಂಗಸು. ಇದನ್ನು ಎಲ್ಲಿ ಬರೆದಿದ್ದೇನೆ? ಹದಿನಾಲ್ಕರಲ್ಲೋ ಹದಿನೈದನೆಯ ಅಧ್ಯಾಯದಲ್ಲೋ? ಬೀರುವಿನ ಮರೆ ನೆನಪಾಯಿತು, ಅಟೆಂಡರ್ ಬಯ್ಯಪ್ಪ ಗಂಟೆ ಹೊಡೆದದ್ದು ನೆನಪಾಯಿತು, ಪೆನ್ನಿನ ರೀಫಿಲ್ ಮುಗಿದದ್ದು ನೆನಪಾಯಿತು. ಈ ಮಾತುಗಳನ್ನು ಕೈ ಬರೆದದ್ದು ಮಾತ್ರ ನೆನಪಾಗಲಿಲ್ಲ. ತಿರುಗಿ ಕೋಣೆಯೊಳಗೆ ನೋಡಿದಳು. ಯಾವುದೋ ಒಂದು ತಟ್ಟೆಯಲ್ಲಿ, ತಲೆಯೆತ್ತಿ ಕೂತ ಹುಳುಗಳ ಅಡಿಯಲ್ಲಿ ಆ ಹಾಳೆ ಇದೆ, ಅಥವಾ ಇಲ್ಲ. ತೆಗೆದು ನೋಡುವ ಹಾಗಿಲ್ಲ.

ಇಲ್ಲದ್ದನ್ನು ಕಥಾಸಾರದಲ್ಲಿ ಬರೆದರೆ ಮೋಸ. ಬರೆಯದಿದ್ದರೆ? ಈಗ ಹೇಳಿಬಿಟ್ಟ ಮೇಲೆ, ಅದಿಲ್ಲದ ಇಪ್ಪತ್ತು ವರ್ಷ ಬರಿಯ ಹಟದ ಕತೆಯಾಗಿ ಕಂಡಿತು. ಆ ಒಂದು ಮಾತಿನ ಸುತ್ತ ಮಿಕ್ಕದ್ದೆಲ್ಲ, ಮೂರು ಎಮ್ಮೆ, ಎರಡನೇ ಹೆಂಡತಿ, ಸಾವು, ತಾವಾಗಿಯೇ ಸರಿದು ತಮ್ಮ ತಮ್ಮ ಜಾಗದಲ್ಲಿ ಕೂತವು. ಅವಳು ರಟ್ಟಿನ ಮೇಲೆ ಬಗ್ಗಿದಳು. 'ಅಕ್ಕಯಮ್ಮ ತನ್ನ ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಎಮ್ಮೆಗೆ ಹೇಳುತ್ತಾಳೆ' ಎಂದು ಬರೆದಳು. ಬರೆದು ಹೆದರಿದಳು, ಇಷ್ಟು ಸಣ್ಣದಾ ಎಂದು. ಮತ್ತೆ ಓದಿದಳು. ಸಣ್ಣದೇ. ಆ ಸಣ್ಣದರೊಳಗೆ ಇಷ್ಟು ವರ್ಷ ತಾನು ನಿಲ್ಲುವಷ್ಟು, ಕೂರುವಷ್ಟು, ಅಳುವಷ್ಟು ಜಾಗ ಇತ್ತಲ್ಲ ಎಂದು ಆಮೇಲೆ ಹೊಳೆಯಿತು. ಒಲೆಯ ಮೇಲಿನ ಸಾರು ಉಕ್ಕಿ ಹರಿದ ವಾಸನೆ ಬಂತು; ಅತ್ತೆ ಎದ್ದು ಹೋದಳು, “ನೀನು ಬರಿಯಮ್ಮ” ಎಂದಳು.

ಮಧುಸೂದನ್ ಮೇಷ್ಟ್ರು ಬೈಕು ನಿಲ್ಲಿಸಿದಾಗ ಅವಳು ಕೊನೆಯ ಸಾಲಿನಲ್ಲಿದ್ದಳು. ಹೊರಗಿನವರನ್ನು ಹುಳುಮನೆಯ ಹತ್ತಿರ ಬಿಡುವುದಿಲ್ಲ, ಅಂಗಳದ ಹೊಂಗೆಯ ನೆರಳಲ್ಲೇ ನಿಂತು ಮಜ್ಜಿಗೆ ಕುಡಿದರು. “ಏನ್ ಮೇಡಂ, ಎರಡು ಪುಟ ಅಂದ್ರೆ ಒಂದೂವರೆಗೇ ಮುಗಿಸಿದೀರ! ನಮ್ಮ ಹುಡುಗ್ರು ನೋಡಿ, ಸಾರಾಂಶ ಬರಿ ಅಂದ್ರೆ ಪದ್ಯಕ್ಕಿಂತ ಉದ್ದ ಬರೀತಾರೆ.” ಹಾಳೆಯ ಮೇಲೆ ಕಣ್ಣಾಡಿಸಿದರು. “ಎಮ್ಮೆ ಕತೇನಾ? ಹಾಲಿನ ಡೈರಿಯವರಿಗೆ ಕೊಟ್ಟಿದ್ರೆ ಅವರೇ ಪ್ರಿಂಟ್ ಹಾಕಿಸ್ತಿದ್ರಲ್ಲ ಮೇಡಂ.” ಅವಳೂ ನಕ್ಕಳು, ನಕ್ಕಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಮೇಷ್ಟ್ರು ನಗುತ್ತಲೇ ಓದುತ್ತಾ ಹೋದವರು ಎರಡನೆಯ ಪುಟದಲ್ಲಿ ಒಂದು ಕಡೆ ನಿಂತರು. ಲೋಟ ಕೈಯಲ್ಲೇ ಉಳಿಯಿತು. ಮತ್ತೆ ಮೇಲಿನಿಂದ ಓದಿದರು. ಜೇಬಿಗೆಂದು ಮಡಿಸಹೊರಟಿದ್ದ ಹಾಳೆಯನ್ನು ಬಿಡಿಸಿ, ಬ್ಯಾಗಿನಿಂದ ಫೈಲು ತೆಗೆದು, ತಮ್ಮ ಡ್ಯೂಟಿ ಆರ್ಡರಿನ ಜೊತೆ ಒಳಗಿಟ್ಟರು.

“ಈ ಮುಳ್ಳಿನ ವಿಷಯ,” ಎಂದರು ಕಿಕ್ ಹೊಡೆಯುವ ಮೊದಲು, “ಪುಸ್ತಕದಲ್ಲಿ ಹೆಂಗೆ ಬರ್ದಿದೀರೋ ಓದ್ಬೇಕು ಮೇಡಂ. ಬರ್ದಿದೀರಲ್ವಾ?”

“ಬರ್ದಿದೀನಿ ಸಾರ್,” ಎಂದಳು. ಬೈಕು ಹೋದ ಮೇಲೂ ಆ ಮಾತು ಧೂಳಿನಲ್ಲಿ ನಿಂತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಹುಳುಗಳು ಏಳತೊಡಗಿದವು. ಒಂದು ತಟ್ಟೆಯಲ್ಲಿ ಮೊದಲು, ಆಮೇಲೆ ಇನ್ನೊಂದರಲ್ಲಿ. ಬಿಟ್ಟ ಪೊರೆ ಬಾಲದ ಹತ್ತಿರ ಸುಕ್ಕಾಗಿ ಬಿದ್ದಿತ್ತು. ಹೊಸ ತಲೆಗಳು ದೊಡ್ಡದಾಗಿ, ಮಾಸಲು ಕಂದಾಗಿ, ಅತ್ತಿತ್ತ ತಿರುಗಿ ಹುಡುಕುತ್ತಿದ್ದವು. ಗಂಗಾಧರ ಬಲೆ ಹರಡಿದ, ಅತ್ತೆ ಅದರ ಮೇಲೆ ಎಲೆ ಉದುರಿಸಿದಳು. ಹುಳುಗಳು ಬಲೆಯ ಕಣ್ಣುಗಳಿಂದ ತೂರಿ ಎಲೆಗೆ ಹತ್ತಿದವು, ಬೆಳಗಿನಿಂದ ಸತ್ತಂತಿದ್ದ ಕೋಣೆಯಲ್ಲಿ ಮಳೆಯ ಸದ್ದು ಹನಿ ಹನಿಯಾಗಿ ಶುರುವಾಯಿತು. ಬಲೆಯನ್ನು ಹುಳುಗಳ ಸಮೇತ ಎತ್ತಿ ಬೇರೆ ತಟ್ಟೆಗೆ ಇಳಿಸಿದಂತೆಲ್ಲ ಶೈಲಜಾ ಕೆಳಗಿನ ಹಾಳೆಗಳನ್ನು ಬಿಡಿಸಿಕೊಂಡಳು. ಹಿಕ್ಕೆ, ಸುಣ್ಣ, ಎಲೆಯ ನರಗಳು. ಕೊಡವಿದಳು, ಮಗುಚಿದಳು. ಮಸಿ ಅಲ್ಲಲ್ಲಿ ಹಸಿರಾಗಿ ಹರಡಿತ್ತು, ಆದರೂ ಓದಲು ಬರುತ್ತಿತ್ತು. ನಡುಮನೆಯ ನೆಲದ ಮೇಲೆ ಕ್ರಮವಾಗಿ ಜೋಡಿಸುತ್ತಾ ಹೋದಳು. ಹದಿಮೂರು. ಹದಿನಾಲ್ಕು. ಹದಿನೈದನೆಯದರ ಕೊನೆಯ ಹಾಳೆ ಅತ್ತೆಯ ಕೈಗೆ ಸಿಕ್ಕಿತು.

“ಇದೇನಾ ನೋಡು.”

ಅದೇ. 'ಎರಡನೆಯ ಎಮ್ಮೆಯನ್ನು ಸಂತೆಯಲ್ಲಿ ಮಾರಿದರು' ಎಂದಿತ್ತು. ಒಂದೇ ಸಾಲು. ಬಾಗಿಲಿಲ್ಲ, ಮಂಜಿಲ್ಲ, ಮುಳ್ಳಿಲ್ಲ, ಮಾತಿಲ್ಲ. ಮುಂದಿನ ಅಧ್ಯಾಯ ಮುಂದಿನ ಹಾಳೆಯಲ್ಲಿ ಶುರುವಾಗಿತ್ತು.

ಅವಳು ಕುಸಿದು ಕೂರಬೇಕಾಗಿತ್ತು, ಮೇಷ್ಟ್ರಿಗೆ ಹೇಳಿದ ಸುಳ್ಳಿಗೆ. ಕೂರಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆ ಒಂದು ಸಾಲಿನ ಕೆಳಗೆ ಅರ್ಧ ಹಾಳೆ ಖಾಲಿ ಇತ್ತು. ಕಾಗದದ ಜಿಪುಣಿ ಅವಳು. ಅಂಚನ್ನೂ ಬಿಡದೆ, ಸಾಲಿನ ನಡುವೆ ಸಾಲು ತೂರಿಸಿ ಬರೆದವಳು, ಇನ್ನೊಂದು ಅಧ್ಯಾಯವನ್ನು ಅದೇ ಹಾಳೆಯ ಮಧ್ಯದಿಂದ ಶುರುಮಾಡುತ್ತಿದ್ದವಳು. ಇಡೀ ಕಟ್ಟಿನಲ್ಲಿ ಇನ್ನೆಲ್ಲೂ ಒಂದು ಬೆರಳಗಲ ಜಾಗ ಉಳಿದಿರಲಿಲ್ಲ. ಇಲ್ಲಿ ಯಾಕೆ ಬಿಟ್ಟೆ? ಯಾವಾಗ? ಬಿಟ್ಟ ದಿನ ಯಾರಿಗೆ ಗೊತ್ತಿತ್ತು, ಇವನು ಹಗ್ಗ ಹಿಡಿದು ಇಲ್ಲಿ ಬಂದು ನಿಲ್ಲುತ್ತಾನೆಂದು? ಅವಳ ಬೆನ್ನ ಮೇಲೆ ತಣ್ಣಗೆ ಏನೋ ಹರಿದುಹೋಯಿತು, ದೇವರ ಕೋಣೆಯಲ್ಲಿ ಒಬ್ಬಳೇ ಇದ್ದಾಗ ದೀಪ ತಾನಾಗಿ ಎತ್ತರವಾದರೆ ಆಗುವ ಹಾಗೆ. ಬರೆಯುವುದೆಲ್ಲ ತನ್ನಿಂದಲೇ ಆಗಬೇಕು, ತನ್ನಿಂದ ಆಗುತ್ತದೆಯೇ ಎಂದು ಎರಡು ವಾರ ಹೆದರಿದ್ದಳು. ಆ ಭಯ ಈಗ ಅವಳಿಗಿಂತ ಬಹಳ ಚಿಕ್ಕದಾಗಿ, ಬೇರೆ ಯಾರದ್ದೋ ಮನೆಯದ್ದಾಗಿ ಕಂಡಿತು.

“ಹೋಯ್ತಾ? ಅಳಿಸ್ಹೋಯ್ತಾ?” ಅತ್ತೆ ಗಾಬರಿಯಿಂದ ಕೇಳಿದಳು.

“ಇಲ್ಲ ಅತ್ತೆ. ಇನ್ನೂ ಬಂದಿಲ್ಲ.”

ಲಕ್ಷ್ಮೀನರಸಮ್ಮನಿಗೆ ಅದು ಅರ್ಥವಾಯಿತೋ ಇಲ್ಲವೋ. ಹತ್ತಿರ ಬಂದು, ಓದಲು ಬಾರದ ಆ ಅಕ್ಷರಗಳನ್ನೂ ಅವುಗಳ ಕೆಳಗಿನ ಬಯಲನ್ನೂ ಸೊಸೆಯ ತೋಳಿನ ಪಕ್ಕದಿಂದ ನೋಡಿದಳು. “ಬರ್ಲಿ ಬಿಡು,” ಎಂದಳು. “ಏನಂದ್ಲೂಂತ ನಂಗೂ ಹೇಳು ಮತ್ತೆ. ಮರೀಬೇಡ.”

“ಏ, ಇಬ್ರೂ ಅಲ್ಲೇ ನಿಂತ್ರಾ?” ಗಂಗಾಧರ ಹುಳುಮನೆಯೊಳಗಿನಿಂದ ಕೂಗಿದ. “ಎಲ್ಲಾ ಎದ್ದಾವೆ ಇಲ್ಲಿ, ಹಸ್ಕೊಂಡವೆ. ಸೊಪ್ಪು ತನ್ರೇ!”

“ಬಂದೆ,” ಎಂದಳು ಶೈಲಜಾ. ಕಾಲು ಮಾತ್ರ ಕಿಟಕಿಯ ಬಳಿಯಿಂದ ಬರಲಿಲ್ಲ.